ಉದ್ಘಾಟನೆ ಇಲ್ಲದ ಕೆಲಸ

ಹೊಸ ಅಂಗಡಿ ತೆರೆದರೆ ಟೇಪು ಕತ್ತರಿಸಲು ಶಾಸಕರು ಬರುತ್ತಾರೆ. ಅವರು ಸಿಗದಿದ್ದರೆ ಮಾಜಿ ಕಾರ್ಪೊರೇಟರು ಬರುತ್ತಾರೆ. ಅವರೂ ಸಿಗದಿದ್ದರೆ ಮಾಲೀಕರ ಮಾವನವರಂತೂ ಇದ್ದೇ ಇರುತ್ತಾರೆ. ಬಾಳೆಕಂದು, ಮಾವಿನ ತೋರಣ, ಬೂದುಗುಂಬಳಕಾಯಿ, ಬಂದವರ ಕೈಗೆಲ್ಲ ಒಂದೊಂದು ಪೊಟ್ಟಣ ಮೈಸೂರು ಪಾಕು, ಖಾರ. ಆದರೆ ಅದೇ ಅಂಗಡಿಯವರು ಬೋರ್ಡಿನ ಮೇಲಿನ ಕೆಲಸಕ್ಕೆ ಬಾರದ ಫೋನ್ ನಂಬರನ್ನು ಅಳಿಸಿ ಸರಿಯಾದದ್ದನ್ನು ಬರೆಸಿದ ದಿನ ತೆಂಗಿನಕಾಯಿ ಒಡೆದದ್ದನ್ನು ನಾನು ಈವರೆಗೆ ಕಂಡಿಲ್ಲ. ಬರೆಸಿದ್ದನ್ನು ಕಂಡದ್ದೇ ಕಡಿಮೆ.

ಈ ವಿಷಯದಲ್ಲಿ ನನಗೊಂದು ಚಟವಿದೆ. ರಸ್ತೆಯಲ್ಲಿ ನಡೆಯುವಾಗ ಬೇರೆಯವರು ಹೋಗಿಬರುವ ಜನರನ್ನು ನೋಡುತ್ತಾರೆ, ನಾನು ಬೋರ್ಡು ಓದುತ್ತೇನೆ. ಬೋರ್ಡು ಮುಗಿದರೆ ಕರಪತ್ರ, ಬಿಲ್ಲಿನ ಹಿಂಬದಿ, ಹೋಟೆಲಿನ ಮೆನು ಕಾರ್ಡು, ಬ್ಯಾಂಕಿನ ಗೋಡೆಗೆ ಅಂಟಿಸಿದ ಸೂಚನೆ, ಡಾಕ್ಟರ ಕೋಣೆಯ ಹೊರಗಿನ ವೇಳಾಪಟ್ಟಿ. ನಮ್ಮ ಮನೆಯವರ ಪ್ರಕಾರ ಇದು ಚಟವಲ್ಲ, ಕಾಯಿಲೆ. “ಸೊಪ್ಪು ತನ್ನಿ ಅಂತ ಕಳಿಸಿದರೆ ಸೊಪ್ಪಿನ ಅಂಗಡಿ ಗೋಡೆ ಓದ್ಕೊಂಡು ಬರೀ ಕೈಯಲ್ಲಿ ಬರ್ತೀರಲ್ಲ, ನಿಮಗೆ ಏನನ್ನೋಣ?” ಎನ್ನುತ್ತಾಳೆ. ಅವಳಿಗೆ ಹೇಗೆ ವಿವರಿಸುವುದು? ಆ ಗೋಡೆಯ ಮೇಲೆ ಇವತ್ತಿಗೂ ‘ಲಾಕ್‌ಡೌನ್ ನಿಮಿತ್ತ ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ’ ಎಂಬ ಚೀಟಿ ಇದೆ. 2021ರ ಬೇಸಿಗೆಯದು. ಸಂಜೆ ಏಳು ಗಂಟೆಗೆ ಅದರ ಕೆಳಗೇ ನಿಂತು ಜನ ಮೆಂತ್ಯದ ಕಟ್ಟಿಗೆ ಚೌಕಾಸಿ ಮಾಡುತ್ತಿರುತ್ತಾರೆ.

ನಾನು ಬೆಳಗಿನ ಕಾಫಿಗೆ ಹೋಗುವ ಹೋಟೆಲಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಮೆನು ಕಾರ್ಡಿದೆ. ತಿಂಡಿಗಳ ಹೆಸರು ಅಚ್ಚಿನಲ್ಲಿವೆ, ಬೆಲೆಗಳೆಲ್ಲ ಬಿಳಿ ಸ್ಟಿಕ್ಕರಿನ ಮೇಲೆ ಬಾಲ್ ಪೆನ್ನಿನಲ್ಲಿವೆ. ಬೆರಳಾಡಿಸಿದರೆ ಗೊತ್ತಾಗುತ್ತದೆ, ಸ್ಟಿಕ್ಕರಿನ ಮೇಲೆ ಸ್ಟಿಕ್ಕರು ಕೂತು ಬೆಲೆಯ ಜಾಗ ಉಬ್ಬಿಕೊಂಡಿದೆ. ಎಲ್ಲಕ್ಕಿಂತ ದಪ್ಪ ಕಾಫಿಯದು. ಅದರ ನಂತರ ಚೌಚೌ ಬಾತಿನದು. ಶ್ಯಾವಿಗೆ ಉಪ್ಪಿಟ್ಟಿಗೆ ಮಾತ್ರ ಒಂದೇ ಪದರ. ಅದನ್ನು ಅವರು ಮಾಡುವುದು ಬಿಟ್ಟು ಎಷ್ಟೋ ಕಾಲವಾಯಿತು, ಹೆಸರು ಕಾರ್ಡಿನಲ್ಲಿ ಉಳಿದುಕೊಂಡಿದೆ. ಹೊಸಬರು ಯಾರಾದರೂ ಆಸೆಪಟ್ಟು ಕೇಳಿದರೆ ಮಾಣಿ “ಇವತ್ತು ಇಲ್ಲ ಸಾರ್” ಎನ್ನುತ್ತಾನೆ. ನಾಳೆ ಇದೆಯೇನೋ ಎಂಬಂತೆ. ಇಷ್ಟೆಲ್ಲ ತಿದ್ದುಪಡಿಯ ನಡುವೆ ಕಾರ್ಡಿನ ಬುಡದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಅಚ್ಚಾದ ದಿನದಂತೆಯೇ ಇದೆ: ‘ವ್ಯಾಟ್ ಪ್ರತ್ಯೇಕ’.

2017ರ ಜುಲೈ 1ರಂದು ಜಿಎಸ್‌ಟಿ ಬಂತು, ಹೋಟೆಲ್ ತಿಂಡಿಯ ಮೇಲಿನ ವ್ಯಾಟ್ ಹೋಯಿತು. ಮೊದಲು ಎಸಿ ಇಲ್ಲದ ಹೋಟೆಲಿಗೆ ಶೇ. 12, ಎಸಿ ಇದ್ದರೆ ಶೇ. 18 ಎಂದರು. ಫ್ಯಾನಿನ ಕೆಳಗೆ ಕೂತರೆ ಒಂದು ದರ, ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದರೆ ಇನ್ನೊಂದು ದರ ಎಂದು ಜನ ಗೊಣಗಿದರು. ಅದೇ ವರ್ಷದ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆಲ್ಲ ಶೇ. 5 ಎಂದಾಯಿತು. ಇಷ್ಟೆಲ್ಲ ಆಗಿಹೋದರೂ ನಮ್ಮ ಕಾರ್ಡು ಅಲುಗಾಡಿಲ್ಲ. ಒಮ್ಮೆ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು ಕೇಳಿಯೇಬಿಟ್ಟೆ.

“ಭಟ್ಟರೇ, ಇದರಲ್ಲಿ ಇನ್ನೂ ವ್ಯಾಟ್ ಇದೆಯಲ್ಲ?”

“ಅದನ್ನ ಯಾರು ಓದ್ತಾರೆ ಸಾರ್?”

“ನಾನು ಓದಿದೆನಲ್ಲ.”

“ನೀವು ಬಿಡಿ ಸಾರ್. ನೀವು ಉಪ್ಪಿನ ಡಬ್ಬಿ ಮೇಲಿನದ್ದೂ ಓದ್ತೀರಿ.”

ಮಾತು ಅಲ್ಲಿಗೆ ನಿಂತಿತು. ಆದರೆ ಕಾಫಿ ಹೀರುತ್ತ ಕೂತಾಗ ಒಂದು ಸಂಗತಿ ಹೊಳೆಯಿತು. ಆ ಕಾರ್ಡಿನಲ್ಲಿ ಬೆಲೆಗಳು ತಪ್ಪದೆ ಬದಲಾಗಿವೆ, ಬೇರೆ ಯಾವುದೂ ಬದಲಾಗಿಲ್ಲ. ಬೆಲೆ ಹಳೆಯದಾದರೆ ನಷ್ಟ ಮಾಲೀಕರಿಗೆ. ಮಿಕ್ಕದ್ದು ಹಳೆಯದಾದರೆ ನಷ್ಟ ಗಿರಾಕಿಗೆ. ಯಾವ ವ್ಯಾಪಾರದಲ್ಲಿ ಬೇಕಾದರೂ ನೋಡಿ, ತನ್ನ ಜೇಬಿಗೆ ತಾಗುವ ಅಕ್ಷರಕ್ಕೆ ಮಾತ್ರ ಸ್ಟಿಕ್ಕರು ಬೀಳುತ್ತದೆ.

ಮಾಲೀಕರನ್ನು ತೀರ ಹಳಿಯುವುದೂ ತಪ್ಪು. ಬರಹ ತಾನಾಗಿ ಹಳಸುವುದಿಲ್ಲ. ಬರೆದದ್ದು ಬರೆದ ಹಾಗೇ ಇರುತ್ತದೆ, ಸುತ್ತಲಿನ ಲೋಕ ಸರಿದುಹೋಗುತ್ತದೆ. ಒಂದಕ್ಷರ ತಿದ್ದದೆ, ಒಂದು ಸುಳ್ಳು ಹೇಳದೆ, ಕೂತಲ್ಲೇ ಕೂತ ಮನುಷ್ಯ ಒಂದು ಬೆಳಿಗ್ಗೆ ಸುಳ್ಳುಗಾರನಾಗುತ್ತಾನೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ ನಮ್ಮ ಹನ್ನೆರಡು ಊರುಗಳ ಹೆಸರು ಬದಲಾದವು. ಬ್ಯಾಂಗಲೋರ್ ಬೆಂಗಳೂರಾಯಿತು, ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಅಷ್ಟೂ ಊರುಗಳ ಅಂಗಡಿಗಳ ಇಂಗ್ಲಿಷ್ ಬೋರ್ಡುಗಳು ರಾತ್ರೋರಾತ್ರಿ ಹಳೆಯವಾದವು. ಬೆಂಗಳೂರಿನ ಬಿಬಿಎಂಪಿ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಲೆಟರ್‌ಹೆಡ್ಡನ್ನು ರೀಮುಗಟ್ಟಲೆ ಅಚ್ಚು ಹಾಕಿಸಿ ಇಟ್ಟುಕೊಂಡವರ ಸಂಕಟ ಅವರಿಗೇ ಗೊತ್ತು. ಅವರು ಅವೆನ್ಯೂ ರಸ್ತೆಗೆ ಹೋಗಿ ಒಂದು ರಬ್ಬರ್ ಸ್ಟಾಂಪು ಮಾಡಿಸಿಕೊಂಡು ಬರುತ್ತಾರೆ. ರೀಮು ಮುಗಿಯುವ ತನಕ ಹಳೆಯ ಅಚ್ಚಿನ ಪಕ್ಕದಲ್ಲಿ ನೇರಳೆ ಬಣ್ಣದ ಹೊಸ ವಿಳಾಸ ಓರೆಯಾಗಿ ಕೂರುತ್ತದೆ. ನನಗೆ ಅಂಥ ಲೆಟರ್‌ಹೆಡ್ಡುಗಳೆಂದರೆ ಪ್ರೀತಿ. ಇದರ ಹಿಂದೆ ಗಮನಿಸುವವನೊಬ್ಬ ಇದ್ದಾನೆ ಎಂಬುದಕ್ಕೆ ಅದು ಗುರುತು.

ಇದಕ್ಕಿಂತ ಕಷ್ಟ ಬಂದದ್ದು ಬ್ಯಾಂಕುಗಳಿಂದ. ನಮ್ಮ ಕರಾವಳಿ ಜಿಲ್ಲೆಗಳು ದೇಶಕ್ಕೆ ಬ್ಯಾಂಕು ಹುಟ್ಟಿಸಿಕೊಟ್ಟವು ಎಂದು ನಾವು ಹೆಮ್ಮೆಪಡುತ್ತಿದ್ದೆವು. ಮಂಗಳೂರಿನ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಮರುವರ್ಷ ಅದೇ ದಿನ ಉಡುಪಿಯಲ್ಲಿ ಹುಟ್ಟಿದ ಎರಡು ಬ್ಯಾಂಕುಗಳ ಸರದಿ. ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೆ. ಅದಕ್ಕೂ ಮೊದಲು, 2017ರ ಏಪ್ರಿಲ್ 1ರಂದು, ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಗಿತ್ತು. ಏಪ್ರಿಲ್ ಒಂದನ್ನೇ ಯಾಕೆ ಆರಿಸಿಕೊಂಡರು ಎಂದು ಕೆಲವರು ನಗುತ್ತಿದ್ದರು, ಹಣಕಾಸು ವರ್ಷ ಶುರುವಾಗುವುದು ಅಂದೇ ಎಂಬುದು ಸರಳ ಕಾರಣ. ನಗು ಬೇಗ ನಿಂತಿತು. ಸಣ್ಣ ವ್ಯಾಪಾರಿಗಳ ಬಿಲ್ಲಿನ ಬುಡದಲ್ಲಿ ಖಾತೆ ನಂಬರು, ಐಎಫ್‌ಎಸ್‌ಸಿ ಕೋಡು ಅಚ್ಚಾಗಿರುತ್ತದಲ್ಲ, ಸ್ವಲ್ಪ ಕಾಲ ಹಳೆಯ ಕೋಡುಗಳು ನಡೆದವು. ಸಿಂಡಿಕೇಟಿನ ಕೋಡುಗಳಿಗೆ 2021ರ ಜೂನ್ 30 ಕೊನೆಯ ದಿನ. ಜುಲೈ 1ರ ಬೆಳಿಗ್ಗೆಯಿಂದ ಆ ಬಿಲ್ಲು ನೋಡಿಕೊಂಡು ದುಡ್ಡು ಕಳಿಸಿದವರಿಗೆ ದುಡ್ಡು ಹೋಗಲಿಲ್ಲ. ನನಗೆ ಗೊತ್ತಿರುವ ಒಬ್ಬ ಅಗರಬತ್ತಿ ವ್ಯಾಪಾರಿ ತಿಂಗಳುಗಟ್ಟಲೆ ಗಿರಾಕಿಗಳನ್ನು ಬೈದುಕೊಂಡಿದ್ದ. “ದುಡ್ಡು ಕೇಳಿದ್ರೆ ಸಾಕು, ಕೋಡು ತಪ್ಪಿದೆ ಅಂತ ನೆಪ ಹೇಳ್ತಾರೆ” ಎಂದು. ನೆಪ ಅವನ ಬಿಲ್ಲಿನಲ್ಲೇ ಇತ್ತು.

ಮೈಸೂರು ಬ್ಯಾಂಕು ಹೋದರೂ ಮೈಸೂರು ಬ್ಯಾಂಕ್ ಸರ್ಕಲ್ ಹೋಗಿಲ್ಲ ಎನ್ನುವುದು ಬೇರೆ ಮಾತು. ಬಸ್ಸಿನ ಕಂಡಕ್ಟರು ಇವತ್ತಿಗೂ ಅದನ್ನೇ ಕೂಗುತ್ತಾನೆ, ನಾವು ಅದಕ್ಕೇ ಇಳಿಯುತ್ತೇವೆ. ಹಳೆಯದೆಲ್ಲ ತಪ್ಪಲ್ಲ. ಇದನ್ನು ಮುಂದೆ ಹೇಳುತ್ತೇನೆ.

ತಿದ್ದುವುದರಲ್ಲೂ ಕಲೆ ಇದೆ, ಅದರಲ್ಲಿ ಅಂಚೆ ಇಲಾಖೆಯವರನ್ನು ಮೀರಿಸಿದವರಿಲ್ಲ ಎಂದು ನನ್ನ ನಂಬಿಕೆ. ಹಳೆಯ ಕನ್ನಡ ಪುಸ್ತಕಗಳ ಎರಡನೆಯ ಪುಟ ತೆರೆದು ನೋಡಿ. ಪ್ರಕಾಶಕರ ವಿಳಾಸದ ಕೊನೆಗೆ ‘ಬೆಂಗಳೂರು-4’ ಎಂದೋ ‘ಬೆಂಗಳೂರು-18’ ಎಂದೋ ಇರುತ್ತದೆ. ನಾಲ್ಕು ಎಂದರೆ ಬಸವನಗುಡಿ, ಹದಿನೆಂಟು ಎಂದರೆ ಚಾಮರಾಜಪೇಟೆ. 1972ರ ಆಗಸ್ಟ್ 15ರಂದು ದೇಶಕ್ಕೆಲ್ಲ ಆರಂಕಿಯ ಪಿನ್ ಕೋಡು ಬಂದಾಗ ಬಸವನಗುಡಿ 560004 ಆಯಿತು, ಚಾಮರಾಜಪೇಟೆ 560018 ಆಯಿತು. ಹಳೆಯ ಅಂಕಿ ಹೊಸದರ ಹೊಟ್ಟೆಯೊಳಗೆ ಹಾಗೇ ಉಳಿಯಿತು. ಹಳೆಯ ಲಕೋಟೆ ಇದ್ದವನು ಹಳೆಯ ಅಂಕಿಗೆ ಮೊದಲು ಉಳಿದ ಅಂಕಿಗಳನ್ನು ಸೇರಿಸಿಕೊಂಡ, ಪೋಸ್ಟ್‌ಮ್ಯಾನಿಗೆ ಹೊಸದಾಗಿ ಕಲಿಯುವ ಕಷ್ಟವಿರಲಿಲ್ಲ.

ಬೆಂಗಳೂರಿನ ಜನವೂ ಇಂಥದ್ದೊಂದು ಜಾಣ ಕೆಲಸ ಮಾಡಿದ್ದಾರೆ, ಯಾರ ಆದೇಶವೂ ಇಲ್ಲದೆ. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು, ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು ನಿಂತವು. ಏರ್‌ಪೋರ್ಟ್ ರೋಡಿನಲ್ಲಿದ್ದವರು ಏನು ಮಾಡಬೇಕು? ಹೆಸರಿನ ಹಿಂದೆ ಒಂದು ‘ಓಲ್ಡ್’ ಸೇರಿಸಿದರು. ಓಲ್ಡ್ ಏರ್‌ಪೋರ್ಟ್ ರೋಡ್. ವಿಳಾಸ ಉಳಿಯಿತು, ಮೋಸ ಹೋಗುವುದು ತಪ್ಪಿತು. ಇಡೀ ನಗರ ಒಂದು ಪದದಲ್ಲಿ ಮುಗಿಸಿದ ಕೆಲಸವನ್ನು ಅಲ್ಲಿನ ಎಷ್ಟು ಲಾಡ್ಜುಗಳು ತಮ್ಮ ಕರಪತ್ರದಲ್ಲಿ ‘ವಿಮಾನ ನಿಲ್ದಾಣಕ್ಕೆ ಐದೇ ನಿಮಿಷ’ ಎಂಬ ಸಾಲಿಗೆ ಮಾಡಿದವೋ, ತಿದ್ದದ ಕರಪತ್ರ ನಂಬಿ ರೂಮು ಹಿಡಿದು ಬೆಳಗಿನ ಜಾವ ಹೆಬ್ಬಾಳದ ಕಡೆಗೆ ಓಡಿದವರು ಎಷ್ಟು ಜನವೋ, ಶಿವನೇ ಬಲ್ಲ.

ವರ್ಲ್ಡ್ ವೈಡ್ ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಇದನ್ನು ಹೇಳಿದ್ದರು. ಒಳಗಿನ ಸರಕು ಎಷ್ಟು ಬದಲಾದರೂ ಒಮ್ಮೆ ಜನರಿಗೆ ಕೊಟ್ಟ ವಿಳಾಸ ಬದಲಾಗಬಾರದು ಎಂಬುದು ಅವರ ವಾದದ ಸಾರ. ಓಲ್ಡ್ ಏರ್‌ಪೋರ್ಟ್ ರೋಡಿನ ಆಟೋ ಡ್ರೈವರುಗಳಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಬೋರ್ಡು ಬರೆಯುವ ಪೇಂಟರುಗಳ ಕಾಲದಲ್ಲಿ ತಿದ್ದುಪಡಿ ಸುಲಭವಿತ್ತು. ಪೇಂಟರು ಏಣಿ ಹಾಕಿ ಹತ್ತುತ್ತಿದ್ದ, ತಪ್ಪಾದ ಅಂಕಿಯ ಮೇಲೆ ಹಿನ್ನೆಲೆಯ ಬಣ್ಣ ಬಳಿಯುತ್ತಿದ್ದ, ಕೆಳಗಿಳಿದು ಬೀಡಿ ಸೇದುತ್ತಿದ್ದ. ಅಷ್ಟರಲ್ಲಿ ಅದು ಒಣಗುತ್ತಿತ್ತು, ಮತ್ತೆ ಹತ್ತಿ ಹೊಸ ಅಂಕಿ ಬರೆಯುತ್ತಿದ್ದ. 2000ದ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಏಳಂಕಿಯ ಫೋನುಗಳಿಗೆ ಮುಂದೊಂದು 2 ಸೇರಿ ಎಂಟಂಕಿಯಾದಾಗ ಊರಿನ ಪೇಂಟರುಗಳೆಲ್ಲ ಇದೇ ಕೆಲಸದಲ್ಲಿದ್ದರು. ಜಾಗ ಬಿಟ್ಟಿರದ ಬೋರ್ಡುಗಳಲ್ಲಿ ಆ 2 ಅಂಚಿಗೆ ಒತ್ತಿಕೊಂಡು, ಸೊಂಟ ಸಣ್ಣ ಮಾಡಿಕೊಂಡು, ಬೇರೆಯೇ ಕೆಂಪಿನಲ್ಲಿ ನಿಂತಿರುತ್ತಿತ್ತು. ಹಳೆಯ ಪೇಟೆಗಳಲ್ಲಿ ಕತ್ತೆತ್ತಿ ಹುಡುಕಿದರೆ ಈಗಲೂ ಒಂದೊಂದು ಸಿಗುತ್ತದೆ.

ಆಮೇಲೆ ಫ್ಲೆಕ್ಸ್ ಬಂತು. ಫ್ಲೆಕ್ಸಿನಲ್ಲಿ ಒಂದಂಕಿ ತಿದ್ದಲು ಬರುವುದಿಲ್ಲ, ಇಡೀ ಬೋರ್ಡನ್ನೇ ಹೊಸದು ಮಾಡಿಸಬೇಕು. ಆದ್ದರಿಂದ ಯಾರೂ ತಿದ್ದುವುದಿಲ್ಲ. 2024ರ ಫೆಬ್ರವರಿಯಲ್ಲಿ ಬೋರ್ಡಿನ ಶೇ. 60 ಭಾಗ ಕನ್ನಡವಿರಬೇಕೆಂದು ಗಡುವು ಬಂದಾಗ ನನಗೆ ಕನ್ನಡದ ಖುಷಿಯ ಜೊತೆ ಇನ್ನೊಂದು ಆಸೆಯೂ ಇತ್ತು. ಹೇಗೂ ಎಲ್ಲರೂ ಹೊಸ ಬೋರ್ಡು ಮಾಡಿಸುತ್ತಾರೆ, ಹಳೆಯ ತಪ್ಪುಗಳೂ ಹೋಗುತ್ತವೆ ಎಂದು. ನಮ್ಮ ರಸ್ತೆಯ ಒಂದು ಬಟ್ಟೆ ಅಂಗಡಿಯವರು ಕನ್ನಡವನ್ನು ಮೊಳದುದ್ದಕ್ಕೆ ದೊಡ್ಡದು ಮಾಡಿದರು. ಅದರ ಕೆಳಗೆ, ಯಾವತ್ತೋ ಕಡಿದುಹೋದ ಲ್ಯಾಂಡ್‌ಲೈನ್ ನಂಬರನ್ನು ಹಳೆಯ ಬೋರ್ಡಿನಿಂದ ಭಕ್ತಿಯಿಂದ ನಕಲು ಮಾಡಿದರು. ಈಗ ಆ ನಂಬರು ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ.

ವಿಚಿತ್ರವೆಂದರೆ, ತಿದ್ದಲು ಎಲ್ಲಕ್ಕಿಂತ ಸುಲಭವಾದದ್ದು ಕಂಪ್ಯೂಟರಿನ ಪರದೆಯ ಮೇಲಿನ ಬರಹ, ಎಲ್ಲಕ್ಕಿಂತ ಕಡಿಮೆ ತಿದ್ದುಪಡಿಯಾಗುವುದೂ ಅದೇ. ಏಣಿ ಬೇಡ, ಬಣ್ಣ ಬೇಡ, ರೀಮುಗಟ್ಟಲೆ ಕಾಗದ ದಂಡವಾಗುವ ಭಯವಿಲ್ಲ. ಆದರೂ ಎಷ್ಟೋ ಕಂಪನಿಗಳ ವೆಬ್‌ಸೈಟಿನಲ್ಲಿ ಕೆಲಸ ಬಿಟ್ಟು ಹೋದ ಮ್ಯಾನೇಜರು ಇನ್ನೂ ನಗುತ್ತಿರುತ್ತಾರೆ. ನನಗೆ ತೋರುವ ಕಾರಣ ಇದು: ಕಾಗದ ಹಳದಿಯಾಗುತ್ತದೆ, ಬೋರ್ಡಿನ ಬಣ್ಣ ಮಾಸುತ್ತದೆ, ಅದನ್ನು ನೋಡಿದರೇ ಜನರಿಗೆ ಅನುಮಾನ ಬರುತ್ತದೆ. ಪರದೆಯ ಅಕ್ಷರಕ್ಕೆ ಮುಪ್ಪೇ ಇಲ್ಲ. ಹತ್ತು ವರ್ಷದ ಹಿಂದಿನದೂ ಇವತ್ತು ಬೆಳಿಗ್ಗೆ ಬರೆದಂತೆ ಹೊಳೆಯುತ್ತದೆ. ಮೋಸ ಇರುವುದು ಆ ಹೊಳಪಿನಲ್ಲೇ.

ನನ್ನ ಗೆಳೆಯರೊಬ್ಬರು ಆಡಿಟರು. ಗಿರಾಕಿಗಳಿಗೆ ಅನುಕೂಲವಾಗಲೆಂದು ತೆರಿಗೆಯ ಮೇಲೆ ವರ್ಷಗಟ್ಟಲೆ ಸಣ್ಣ ಸಣ್ಣ ಲೇಖನ ಬರೆದು ಹಂಚಿದವರು. ಚೆನ್ನಾಗಿಯೂ ಬರೆಯುತ್ತಾರೆ. ಸಂಬಳದವರು ಯಾವುದಕ್ಕೆ ವಿನಾಯಿತಿ ಕೇಳಬಹುದು ಎಂಬ ಅವರ ಲೇಖನವೊಂದು ವಾಟ್ಸಾಪಿನಲ್ಲಿ ಎಲ್ಲಿಂದೆಲ್ಲಿಗೋ ಹೋಗಿ, ನನ್ನ ಸೋದರಳಿಯನ ಮೂಲಕ ಮತ್ತೆ ನನಗೇ ಬಂದಿತ್ತು. ಅದರ ತುಂಬ 80ಸಿ, 80ಡಿ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬರುತ್ತದೆ ಎಂದಾದಾಗ ಅವರನ್ನು ಕೇಳಿದೆ.

“ರಾಯರೇ, ಸೆಕ್ಷನ್ನುಗಳೆಲ್ಲ ಬದಲಾಗ್ತವಂತಲ್ಲ. ನಿಮ್ಮ ಹಳೇ ಲೇಖನಗಳ ಗತಿ?”

“80ಸಿ ಇನ್ನು ಮೇಲೆ 123. ಅಸೆಸ್‌ಮೆಂಟ್ ಇಯರ್ ಅನ್ನೋದೇ ಹೋಗಿ ಟ್ಯಾಕ್ಸ್ ಇಯರ್ ಅಂತಾಗುತ್ತೆ. ಎಲ್ಲದರ ಮೇಲೂ ಹೊಸದಾಗಿ ಒಂದು ದೊಡ್ಡ ಲೇಖನ ಬರೀತಿದೀನಿ, ಕಳಿಸ್ತೀನಿ ನಿಮಗೆ.”

“ಹೊಸದು ಇರಲಿ, ಹಳೇದು?”

“ಹಳೇದು ಹಳೇದೇ ಅಲ್ವೇ? ಯಾರು ನೋಡ್ತಾರೆ?”

ಅಲ್ಲೇ ಎಡವಟ್ಟು. ಹೊಸ ಲೇಖನವನ್ನು ಇನ್ನೂ ಯಾರೂ ಕಂಡಿಲ್ಲ. ಹಳೆಯದು ನೂರಾರು ಜನರ ಫೋನಿನಲ್ಲಿದೆ, ಯಾರೋ ಪ್ರಿಂಟ್ ತೆಗೆದು ಆಫೀಸಿನ ನೋಟಿಸ್ ಬೋರ್ಡಿಗೆ ಪಿನ್ನು ಚುಚ್ಚಿದ್ದಾರೆ. ಒಳ್ಳೆಯ ಬರಹಕ್ಕೇ ಈ ಅಪಾಯ ಹೆಚ್ಚು. ಕೆಟ್ಟದ್ದನ್ನು ಯಾರೂ ಎತ್ತಿಟ್ಟುಕೊಳ್ಳುವುದಿಲ್ಲ, ಅದು ತಪ್ಪಾದರೂ ನಷ್ಟವಿಲ್ಲ. ಬರೆದವರು ಹೊಸದರ ಉಮೇದಿನಲ್ಲಿರುತ್ತಾರೆ, ಓದುವವರು ಹಳೆಯದರ ನಂಬಿಕೆಯಲ್ಲಿರುತ್ತಾರೆ. ಇವರಿಬ್ಬರ ನಡುವೆ ಸಿಕ್ಕಿಕೊಳ್ಳುವವನು ನನ್ನ ಸೋದರಳಿಯನಂಥವನು.

ವಕೀಲರ ಪಾಡು ಇನ್ನೊಂದು ಬಗೆ. 2024ರ ಜುಲೈ 1ರಿಂದ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ 302 ಇದ್ದದ್ದು 103 ಆಗಿದೆ. ವಂಚನೆಯ 420 ಈಗ 318ರೊಳಗೆ ಹೋಗಿ ಕೂತಿದೆ. ವಕೀಲರು ತಮ್ಮ ಕರಡು, ನಮೂನೆ, ನೋಟಿಸುಗಳನ್ನು ತಿದ್ದಿಕೊಂಡಾರು. ನಮ್ಮ ಬಾಯಿಗೆ ತಿದ್ದುಪಡಿ ತರುವವರು ಯಾರು? “ಅವನೊಬ್ಬ ಫೋರ್ ಟ್ವೆಂಟಿ” ಎನ್ನುವ ಸುಖ “ಅವನೊಬ್ಬ ತ್ರೀ ಏಟೀನ್” ಎಂದರೆ ಬರುತ್ತದೆಯೇ? ಇಂಥದ್ದನ್ನು ತಿದ್ದಬಾರದು ಎಂದು ನನ್ನ ಅಭಿಪ್ರಾಯ. ಸಂಸತ್ತು ಅದನ್ನು ನಮಗೇ ಬಿಟ್ಟಿದೆ ಅಂದುಕೊಳ್ಳೋಣ.

ತಿದ್ದುವ ಶ್ರದ್ಧೆಗೆ ಹಳೆಯ ಮೈಸೂರು ಸಂಸ್ಥಾನವನ್ನು ನೋಡಬೇಕು. ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ 1870ರ ದಶಕದಲ್ಲಿ ಬಂತು. ಊರು, ಬೆಳೆ, ಕೆರೆ, ಕಂದಾಯ, ಜಾತ್ರೆ, ಎಲ್ಲದರ ಲೆಕ್ಕ. ಒಮ್ಮೆ ಬರೆದಾಯಿತು ಎಂದು ಅವರು ಕೈ ತೊಳೆದುಕೊಳ್ಳಲಿಲ್ಲ. ಪರಿಷ್ಕರಿಸಿದ ಆವೃತ್ತಿಯನ್ನು 1897ರಲ್ಲಿ ಅವರೇ ತಂದರು. ಇನ್ನೊಂದು ಮೂವತ್ತು ವರ್ಷಕ್ಕೆ ಸಂಸ್ಥಾನ ಎಷ್ಟು ಬದಲಾಗಿತ್ತೆಂದರೆ ಬರೀ ತಿದ್ದಿದರೆ ಸಾಲದಾಯಿತು. ಸಿ. ಹಯವದನರಾಯರು 1927ರಿಂದ 1930ರ ನಡುವೆ ಅದನ್ನು ಹೊಸದಾಗಿಯೇ ಸಂಪುಟಗಟ್ಟಲೆ ಕಟ್ಟಿಕೊಟ್ಟರು. ಎಲ್ಲಿಯವರೆಗೆ ತೇಪೆ ಹಾಕಬೇಕು, ಯಾವಾಗ ಹೊಸ ಬಟ್ಟೆ ಹೊಲಿಸಬೇಕು ಎಂಬ ವಿವೇಕ ಇದು. ಕಿಟ್ಟೆಲ್ಲರ 1894ರ ನಿಘಂಟಿಗೂ ಅಂಥ ಅದೃಷ್ಟವಿತ್ತು. ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ಹಿಗ್ಗಿಸಿ ನಾಲ್ಕು ಸಂಪುಟಗಳಲ್ಲಿ ತಂದರು, ಮುಖಪುಟದಲ್ಲಿ ಕಿಟ್ಟೆಲ್ಲರ ಹೆಸರನ್ನೇ ಮೊದಲಿಟ್ಟರು. ಹೊಸ ನಿಘಂಟು ಬರೆದು ತಮ್ಮ ಹೆಸರು ಹಾಕಿಕೊಳ್ಳುವುದು ಅವರಿಗೆ ಕಷ್ಟವಾಗುತ್ತಿತ್ತೇ?

ಬ್ರಿಟಾನಿಕಾ ವಿಶ್ವಕೋಶದವರು 1933ರಲ್ಲಿ ಒಂದು ಉಪಾಯ ಹೂಡಿದರು. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಇಡೀ ವಿಶ್ವಕೋಶವನ್ನು ತಿರುವಿಹಾಕುವ ಬದಲು, ಸರದಿಯ ಮೇಲೆ ಒಂದಷ್ಟು ಲೇಖನಗಳನ್ನು ಸದಾ ತಿದ್ದುತ್ತಲೇ ಇರುವುದು, ಮತ್ತೆ ಮತ್ತೆ ಅಚ್ಚು ಹಾಕುತ್ತಲೇ ಇರುವುದು. 2012ರಲ್ಲಿ ಅಚ್ಚಿನ ವಿಶ್ವಕೋಶವನ್ನೇ ನಿಲ್ಲಿಸುವುದಾಗಿ ಹೇಳುವಾಗ ಅದರ ವಯಸ್ಸು 244 ವರ್ಷ. ಒಂದು ಸಣ್ಣ ಕಂಪನಿಗೆ ಈ ಸರದಿ ಪದ್ಧತಿ ಸಾಕು. ಎಲ್ಲವನ್ನೂ ಒಂದೇ ದಿನ ತಿದ್ದುತ್ತೇನೆಂದು ಹೊರಟವರು ಏನನ್ನೂ ತಿದ್ದುವುದಿಲ್ಲ.

ಇನ್ನು ಕಳ್ಳದಾರಿಯ ಮಾತು. ಒಳಗಿನ ಒಂದಕ್ಷರ ಮುಟ್ಟದೆ ಮೇಲಿನ ದಿನಾಂಕ ಮಾತ್ರ ಬದಲಿಸಿ ‘ಈ ವರ್ಷದ ಹೊಸ ಮಾಹಿತಿ’ ಎನ್ನುವವರಿದ್ದಾರೆ. ನಿನ್ನೆಯ ವಡೆಗೆ ಇವತ್ತಿನ ಮೊಸರು ಹಾಕಿ ಮೇಲೆ ಕೊತ್ತಂಬರಿ ಉದುರಿಸಿದ ಹಾಗೆ. ಹೋಟೆಲಿನವರಾದರೂ ಅದನ್ನು ಮೊಸರುವಡೆ ಎಂದೇ ಮಾರುತ್ತಾರೆ, ಬಿಸಿ ವಡೆ ಎನ್ನುವುದಿಲ್ಲ. ದಿನಾಂಕವನ್ನೇ ಹಾಕದೆ ತಪ್ಪಿಸಿಕೊಳ್ಳುವವರು ಇನ್ನೂ ಚಾಲಾಕಿಗಳು. ಈ ವಿಷಯದಲ್ಲಿ ನಮ್ಮ ಪಂಚಾಂಗದಷ್ಟು ಪ್ರಾಮಾಣಿಕವಾದ ಪುಸ್ತಕ ನಾನು ಕಂಡಿಲ್ಲ. ಒಂಟಿಕೊಪ್ಪಲ್ ಪಂಚಾಂಗವೇ ಆಗಲಿ ಇನ್ನೊಂದೇ ಆಗಲಿ, ಸಂವತ್ಸರದ ಹೆಸರನ್ನು ಹಣೆಯ ಮೇಲೆ ಬರೆದುಕೊಂಡೇ ಹುಟ್ಟುತ್ತದೆ. ವಿಶ್ವಾವಸುವಿನ ಪಂಚಾಂಗ ಪರಾಭವದ ಯುಗಾದಿಗೆ ಬಡಾಯಿ ಕೊಚ್ಚುವುದಿಲ್ಲ, ಮೊಳೆಯಿಂದ ಇಳಿದು ಹಳೆಯ ಪೇಪರಿನ ಜೊತೆ ಸೇರುತ್ತದೆ.

ಸರ್ಕಾರವೂ ಒಮ್ಮೊಮ್ಮೆ ಸರಿಯಾದ ಮಾತು ಹೇಳುವುದುಂಟು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಇಳಿದಾಗ ಅಂಗಡಿಯಲ್ಲಿ ಆಗಲೇ ಇದ್ದ ಸೋಪು, ಬಿಸ್ಕತ್ತು, ಟೂತ್‌ಪೇಸ್ಟಿಗೆ ಹೊಸ ಬೆಲೆ ಅಂಟಿಸುವ ಪ್ರಶ್ನೆ ಬಂತು. ಆಗ ಮೊದಲು ಹೊರಟ ಸೂಚನೆಯಲ್ಲಿ ಒಂದು ಷರತ್ತಿತ್ತು: ಹಳೆಯ ಬೆಲೆಯೂ ಕಾಣುತ್ತಿರಬೇಕು, ಅದರ ಮೇಲೆ ಹೊಸದನ್ನು ಒತ್ತಬಾರದು. ಬೇರೆ ಬರಹಗಳನ್ನು ತಿದ್ದುವವರೂ ಇದನ್ನು ಪಾಲಿಸಿದರೆ ಚೆನ್ನ. ‘ಹಿಂದೆ ಹೀಗಿತ್ತು, ಈ ದಿನಾಂಕದಿಂದ ಹೀಗೆ’ ಎಂದು ಒಂದು ಸಾಲು ಹಾಕಿದರೆ ಮಾನ ಹೋಗುವುದಿಲ್ಲ.

ಮುಟ್ಟಬಾರದ ಹಳೆಯದು ಯಾವುದೆಂದು ಮುಂದೆ ಹೇಳುತ್ತೇನೆ ಎಂದಿದ್ದೆ. ಮಾವಳ್ಳಿ ಟಿಫಿನ್ ರೂಮಿನವರು 1924 ಎಂದು ಹಾಕಿಕೊಳ್ಳುತ್ತಾರೆ, ಗಾಂಧಿಬಜಾರಿನ ವಿದ್ಯಾರ್ಥಿ ಭವನದವರು 1943 ಎನ್ನುತ್ತಾರೆ. ಆ ಇಸವಿ ಎಷ್ಟು ಹಳೆಯದಾದರೆ ಅಷ್ಟು ಬೆಲೆ. ಅಂಗಡಿ ಕಟ್ಟಿದ ಹಿರಿಯರು ಬರೆದ ಕಾಗದ, ಮೊದಲ ಜಾಹೀರಾತು, ಕಪ್ಪುಬಿಳುಪಿನ ಫೋಟೋ, ಇವು ಸಾಕ್ಷಿಗಳು. ಆದರೆ ಎರಡನೆಯ ತಲೆಮಾರಿನವರಿಗೆ ಸರಿಯಾಗಿ ಇವುಗಳ ಮೇಲೇ ಕೈಯಾಡಿಸುವ ಹುಕಿ. ತಾತ “ದೇವರ ದಯದಿಂದ ಶುದ್ಧ ತುಪ್ಪದಲ್ಲಿ ಮಾಡಿರುತ್ತೆ” ಎಂದು ಬರೆದದ್ದನ್ನು ಅಳಿಸಿ “ಗುಣಮಟ್ಟಕ್ಕೆ ನಮ್ಮ ಬದ್ಧತೆ” ಎಂದು ಹಾಕುತ್ತಾರೆ. ಫೋನ್ ನಂಬರು ಮಾತ್ರ ತಾತನ ಕಾಲದ್ದೇ. ತಿರುಗುಮುರುಗು ಎಂದರೆ ಇದೇ.

ಕೊನೆಗೂ ಇದು ಯಾರ ಕೆಲಸ? ಬರೆದವನದ್ದಲ್ಲ, ಅವನು ಬೇರೆ ಕಂಪನಿಗೆ ಹೋಗಿರುತ್ತಾನೆ. ಮಾಲೀಕರದ್ದಲ್ಲ, ಅವರಿಗೆ ಪುರುಸೊತ್ತಿಲ್ಲ. ಕಂಪ್ಯೂಟರಿನವನದ್ದಲ್ಲ, “ಏನು ಹಾಕಬೇಕು ಅಂತ ಕೊಡಿ ಸಾರ್, ಹಾಕ್ತೀನಿ” ಎನ್ನುತ್ತಾನೆ, ಅವನು ಹೇಳುವುದೂ ನ್ಯಾಯವೇ. ಹೀಗೆ ಮೂವರ ನಡುವೆ ಅನಾಥವಾದ ಕೆಲಸಕ್ಕೆ ಒಬ್ಬರ ಹೆಸರು ಬರೆದಿಡಬೇಕು, ಒಂದು ದಿನ ಗೊತ್ತು ಮಾಡಬೇಕು. ದಿನಕ್ಕೇನು ಬರ? ನಮ್ಮ ವ್ಯಾಪಾರಿಗಳು ದೀಪಾವಳಿಗೆ ಕಿರ್ದಿ, ಖತಾವಣಿ ಹೊಸದು ಮಾಡಿ ಅರಿಶಿನ ಕುಂಕುಮ ಹಚ್ಚುತ್ತಾರೆ. ಅದೇ ಪೂಜೆಯ ಬೆಳಿಗ್ಗೆ ಬಿಲ್ಲು, ಬೋರ್ಡು, ಬೆಲೆಪಟ್ಟಿ, ವೆಬ್‌ಸೈಟನ್ನೂ ಒಮ್ಮೆ ಓದಿದರೆ ಲಕ್ಷ್ಮಿಗೆ ಬೇಸರವಾಗಲಿಕ್ಕಿಲ್ಲ.

ನಿಮಗೊಂದು ಅಂಗಡಿಯೋ ಆಫೀಸೋ ಇದ್ದರೆ ನನ್ನದೊಂದು ವಿನಂತಿ. ಹೊಸದೇನನ್ನಾದರೂ ಬರೆಸುವ ಮೊದಲು, ನಿಮ್ಮ ಊರಿಗೆ ಎಂದೂ ಬಂದಿರದ ನೆಂಟರೊಬ್ಬರಿಗೆ ನಿಮ್ಮ ಈಗಿನ ಕಾರ್ಡು ಕಳಿಸಿ. ಅದರಲ್ಲಿ ಬರೆದದ್ದನ್ನು ಮಾತ್ರ ನಂಬಿಕೊಂಡು ನಿಮ್ಮ ಬಾಗಿಲಿಗೆ ಬರಲು ಹೇಳಿ, ದಾರಿಯಲ್ಲಿ ಯಾರನ್ನೂ ಕೇಳಬಾರದೆಂಬ ಷರತ್ತು ಹಾಕಿ. ಬೆಳಗಿನ ಬಸ್ಸಿಗೆ ಇಳಿದವರು ಮಧ್ಯಾಹ್ನದ ಊಟಕ್ಕೆ ಬಂದು ಮುಟ್ಟಿದರೆ ನಿಮಗೆ ಈ ಹರಟೆಯ ಅಗತ್ಯವಿರಲಿಲ್ಲ, ಸುಮ್ಮನೆ ಓದಿದಿರಿ.